ಕಾಲುವೆಯ ತಳದಲ್ಲಿಟ್ಟ ಉಪ್ಪು

ಚಿಗರಿಗಳಿಗೆ ಉಪ್ಪು ಇಡುವ ರೂಢಿ ನನ್ನ ಗಂಡನ ಮನೆಯದು. ನಾನು ಮಸ್ಕಿ ಕಡೆಯಿಂದ ಬಂದ ಸೊಸೆ. ನನ್ನ ತವರಿನಲ್ಲಿ ಚಿಗರಿ ಅಂದರೆ ಜೋಳದ ಸಸಿ ಮೇಯುವ ಜಿಂಕೆ, ಕಂಡರೆ ಕವಣೆ ಬೀಸಿ ಓಡಿಸಬೇಕು, ಅಷ್ಟೇ ಗೊತ್ತಿತ್ತು. ಮದುವೆಯಾಗಿ ಜವಳಗೇರಾದ ಹತ್ತಿರದ ಹಳ್ಳಿಗೆ ಬಂದ ಮೊದಲ ಬೇಸಿಗೆಯಲ್ಲಿ ನಮ್ಮ ಅತ್ತೆ ಒಂದು ಸೇರು ಹರಳುಪ್ಪನ್ನು ಸೆರಗಿನಲ್ಲಿ ಕಟ್ಟಿಕೊಂಡು ಅಡವಿಗೆ ಹೊರಟಾಗ, ಈ ಮುದುಕಿಗೆ ತಲೆ ನೆಟ್ಟಗಿಲ್ಲ ಎಂದುಕೊಂಡೆ. ಬಾಯಿಬಿಟ್ಟು ಹೇಳಿಯೂ ಬಿಟ್ಟೆ. ನನ್ನ ಬಾಯಿ ಆಗಿನಿಂದಲೂ ಹಾಗೇ.

ಅವರ ಮನೆಯಲ್ಲಿ ಇನ್ನೂರು ಕುರಿ ಇದ್ದವು. ಹುಲ್ಲು ಒಣಗಿದ ಮೇಲೆ ವಾರಕ್ಕೊಮ್ಮೆ ಕುರಿಗೆ ಉಪ್ಪು ಕೊಡುತ್ತಿದ್ದರು. ಅಡವಿಯಲ್ಲಿ ಸಾಲಾಗಿ ಚಪ್ಪಟೆ ಕಲ್ಲುಗಳಿದ್ದವು. ಅವುಗಳ ಮೇಲೆ ಉಪ್ಪು ಹರವಿ ಕುರಿ ಬಿಡುವುದು. ಆದರೆ ಮೊದಲ ಕಲ್ಲು ಕುರಿಗಲ್ಲ. ಅದರ ಮೇಲೆ ಒಂದು ಸೇರು ಸುರಿದು, ಕುರಿಗಳನ್ನು ಆ ಕಡೆ ಸುಳಿಯಗೊಡದೆ ತಿರುಗಿಸಿಕೊಂಡು ಬರಬೇಕು. ಅದು ಚಿಗರಿಗಳ ಪಾಲು. ಮನೆಯಲ್ಲಿ ಉಪ್ಪಿಗೆ ತತ್ವಾರ ಬಂದ ವರ್ಷವೂ ಆ ಕಲ್ಲು ಬರಿದಾಗಿ ಇರುತ್ತಿರಲಿಲ್ಲವಂತೆ.

"ಅವು ಮೊದಲಿಂದ ಇಲ್ಲೇ ಅದಾವು. ನಾವು ಕುರಿ ಹೊಡಕೊಂಡು ಆಮ್ಯಾಲ ಬಂದೀವಿ" ಅಂದಳು ಅತ್ತೆ. "ಮನಿ ಮಾಲಕಗ ಕೊಟ್ಟು ನಾವು ಉಣ್ಣಬೇಕಿಲ್ಲೇನಬೇ?"

ಖರೆ ಹೇಳಬೇಕೆಂದರೆ ಆ ದಿನಗಳಲ್ಲಿ ಚಿಗರಿಗಳು ನಮ್ಮ ಉಪ್ಪಿನ ಹಂಗಿನಲ್ಲಿ ಇರಲಿಲ್ಲ. ಹಳ್ಳದ ಆಚೆ ದೊಡ್ಡ ಸೌಳು ನೆಲವಿತ್ತು. ಬೇಸಿಗೆ ಬಂತೆಂದರೆ ಅಲ್ಲಿ ನೆಲದೊಳಗಿನ ಉಪ್ಪು ಮೇಲೆದ್ದು, ಹಿಟ್ಟು ಚೆಲ್ಲಿದ ಹಾಗೆ ಬೆಳ್ಳಗೆ ಕೂಡುತ್ತಿತ್ತು. ಚಿಗರಿಗಳು ಹಿಂಡು ಹಿಂಡಾಗಿ ಬಂದು ಆ ಮಣ್ಣು ನೆಕ್ಕುತ್ತಿದ್ದವು. ಎಷ್ಟಿವೆ ಎಂದು ಎಣಿಸುವ ಗೊಡವೆಗೆ ಯಾರೂ ಹೋಗುತ್ತಿರಲಿಲ್ಲ.

ಆಮೇಲೆ ಕಾಲುವೆಗೆ ನೀರು ಬಂತು. ಕಾಲುವೆಯನ್ನು ಬೈಯುವವಳು ನಾನಲ್ಲ. ಅದು ಬರುವ ಮೊದಲು ಒಂದು ಕೊಡ ನೀರಿಗೆ ಎಷ್ಟು ದೂರ ನಡೆಯುತ್ತಿದ್ದೆವು ಎಂಬುದು ನನ್ನ ಹಿಮ್ಮಡಿಗಳಿಗೆ ಗೊತ್ತು. ಆದರೆ ನೀರಿನ ಹಿಂದೆಯೇ ನೆಲ ಮಟ್ಟ ಮಾಡುವ ಯಂತ್ರಗಳು ಬಂದವು. ಆಂಧ್ರದ ಕಡೆಯ ರೈತರು ಬಂದು ಜಮೀನು ಕೊಂಡು ಕ್ಯಾಂಪು ಹಾಕಿದರು. ನಾಲ್ಕೈದು ವರ್ಷದಲ್ಲಿ ಸೌಳು ನೆಲವೂ ಭತ್ತದ ಗದ್ದೆಯಾಯಿತು, ಉಪ್ಪಿನ ಕಲ್ಲುಗಳಿದ್ದ ಅಡವಿಯೂ ಗದ್ದೆಯಾಯಿತು. ಮೇಯಿಸಲು ಜಾಗವಿಲ್ಲದೆ ನಮ್ಮವರು ಕುರಿ ಮಾರಿದರು. ನಮ್ಮ ಮನೆಯವರಿಗೆ ದೊಡ್ಡ ಕಾಲುವೆಯ ಗೇಟಿನ ಕೆಲಸ ಸಿಕ್ಕಿತು. ಮೇಲಿನಿಂದ ಹುಕುಂ ಬಂದಾಗ ಗೇಟು ಎತ್ತುವುದು, ಹುಕುಂ ಬಂದಾಗ ಇಳಿಸುವುದು. ಗೇಟಿನ ಪಕ್ಕದಲ್ಲೇ ಒಂದು ಕೋಣೆಯ ಕ್ವಾರ್ಟರ್ಸ್ ಕೊಟ್ಟರು. ಅತ್ತೆ, ಅವರು, ನಾನು, ಮೂವರೂ ಅಲ್ಲಿಗೆ ಹೋದೆವು. ಅತ್ತೆಗೆ ಅಷ್ಟರಲ್ಲಿ ಕಣ್ಣು ಮಂಜಾಗಿತ್ತು. ದಿನವಿಡೀ ಬಾಗಿಲಲ್ಲಿ ಕೂತು ಉಣ್ಣೆ ನೂಲುತ್ತಿದ್ದಳು.

ಗೇಟಿನಿಂದ ಕೆಳಗೆ ಎರಡು ಫರ್ಲಾಂಗು ನೇರ ಹೋಗಿ ಕಾಲುವೆ ಒಂದು ಕಡೆ ತಿರುಗುತ್ತದೆ. ತಿರುವಿನ ಆಚೆ ಕಲ್ಲಿನ ದಿಬ್ಬವೊಂದನ್ನು ಸೀಳಿಕೊಂಡು ಹರಿಯುತ್ತದೆ. ಅಲ್ಲಿ ಕಾಲುವೆ ಆಳ, ಎರಡೂ ಬದಿಗೆ ಗೋಡೆಯಂಥ ಕಲ್ಲು. ಆ ದಿಬ್ಬ ಮಾತ್ರ ಯಾರಿಗೂ ಬೇಡವಾಗಿ ಉಳಿದಿತ್ತು. ಅದರ ಮೇಲೆ ಟ್ರ್ಯಾಕ್ಟರೂ ಹತ್ತುವುದಿಲ್ಲ, ನೀರೂ ಹತ್ತುವುದಿಲ್ಲ. ಉಳಿದ ಚಿಗರಿಗಳು ಅಲ್ಲಿ ಸಿಕ್ಕಿಬಿದ್ದವು. ಒಂದು ಕಡೆ ಕಾಲುವೆ, ಮೂರು ಕಡೆ ಗದ್ದೆ, ಗದ್ದೆಯ ತುಂಬ ಕ್ಯಾಂಪಿನ ನಾಯಿಗಳು. ಆಗ ನಾನು ಎಣಿಸಿದೆ. ಹತ್ತೊಂಬತ್ತು ಇದ್ದವು.

ಅವು ಉಪ್ಪಿಗೆ ಬಾಯಿ ಬಿಡುತ್ತಿದ್ದವು. ನಾನು ಬಟ್ಟೆ ಒಗೆಯುವ ಕಲ್ಲನ್ನು ನೆಕ್ಕುತ್ತಿದ್ದವು. ಗೊಬ್ಬರದ ಖಾಲಿ ಚೀಲ ಗಾಳಿಗೆ ಹಾರಿ ಬಂದು ಬಿದ್ದರೆ ಅದನ್ನೂ ನೆಕ್ಕುತ್ತಿದ್ದವು. ಒಂದು ದಿನ ಹೆಣ್ಣು ಚಿಗರಿಯೊಂದು ಸತ್ತ ಎಮ್ಮೆಯ ಎಲುಬನ್ನು ಬಾಯಲ್ಲಿ ಅಡ್ಡ ಹಿಡಿದು ಕಟಕಟ ಕಡಿಯುತ್ತಿತ್ತು. ಹುಲ್ಲು ತಿನ್ನುವ ಪ್ರಾಣಿ ಎಲುಬು ಕಡಿಯುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆ ವರ್ಷ ಹುಟ್ಟಿದ ಮರಿಗಳ ಕಾಲು ಸೊಟ್ಟ. ಎದ್ದು ನಿಲ್ಲಲು ನೋಡಿ ಬಿದ್ದವು, ಮತ್ತೆ ಎದ್ದವು, ಬಿದ್ದವು. ಕಾಗೆಗಳು ಕಾದು ಕೂತಿದ್ದವು. ಅದರ ಮುಂದಿನ ವರ್ಷವೂ ಹಾಗೇ ಆಯಿತು. ಎರಡು ವರ್ಷದಲ್ಲಿ ಒಂದು ಮರಿಯೂ ಉಳಿಯಲಿಲ್ಲ. ಇನ್ನೊಂದು ವರ್ಷ ಹೀಗೇ ಆದರೆ ಈ ಹಿಂಡು ಮುಗಿಯಿತು ಎಂದು ಅತ್ತೆ ಬಾಗಿಲಲ್ಲಿ ಕೂತೇ ಹೇಳಿದಳು.

ನನಗೆ ಹಟ ಹಿಡಿದದ್ದು ಅಂದಿನಿಂದ. ದಯೆ ಅಂತ ಬರೆದರೆ ಸುಳ್ಳಾಗುತ್ತದೆ. ಇನ್ನೂರು ಕುರಿ ಹೋದವು, ಅಡವಿ ಹೋಯಿತು, ಹಳ್ಳ ಹೋಯಿತು, ಯಾರೂ ನನ್ನನ್ನು ಒಂದು ಮಾತು ಕೇಳಲಿಲ್ಲ. ಈ ಹತ್ತೊಂಬತ್ತನ್ನಾದರೂ ಹೋಗಗೊಡುವುದಿಲ್ಲ ಎಂದು ಹಲ್ಲು ಕಚ್ಚಿದೆ. ಈಗ ನೆನೆದರೆ, ಆ ಹಟದಲ್ಲಿ ಅರ್ಧ ಸಿಟ್ಟೇ ಇತ್ತು.

ಸಿಂಧನೂರಿನ ದನದ ದವಾಖಾನೆಗೆ ಲಿಂಗಸುಗೂರಿನಿಂದ ವರ್ಗವಾಗಿ ಬಂದ ಒಬ್ಬ ಕಂಪೌಂಡರ್ ಇದ್ದ. ಎಲೆ ಅಡಿಕೆ ಹಾಕಿಕೊಂಡು ಯಾವಾಗಲೂ ನಗುತ್ತಿರುವವ. ಸಂತೆಯ ದಿನ ಅವನ ಮುಂದೆ ಹೋಗಿ ನಿಂತು ಎಲ್ಲ ಹೇಳಿದೆ.

"ಆಕಳಿಗೋ ಎಮ್ಮಿಗೋ, ಬರೇ ಅಷ್ಟ ಹೇಳವಾ" ಅಂದ.

"ಚಿಗರಿಗ್ರೀ."

ಅವನು ಹೊರಗೆ ಹೋಗಿ ಎಲೆ ಉಗುಳಿ ಬಂದ. ನಕ್ಕು ಮುಗಿಸಿ ಬಂದ ಎಂದು ಕಾಣುತ್ತದೆ, ಯಾಕೆಂದರೆ ಆಮೇಲೆ ನೆಟ್ಟಗೆ ಮಾತಾಡಿದ. ಬರೇ ಉಪ್ಪು ಸಾಲದು, ಎಲುಬು ಕಡಿಯುತ್ತಿವೆ ಅಂದರೆ ಎಲುಬಿಗೆ ಬೇಕಾದದ್ದು ಮೈಯಲ್ಲಿ ಇಲ್ಲ ಅಂತ ಅರ್ಥ ಅಂದ. ನಾಲ್ಕು ಪಾಲು ಉಪ್ಪು, ಎರಡು ಪಾಲು ಎಲುಬಿನ ಪುಡಿ, ಒಂದು ಪಾಲು ಸುಣ್ಣ, ಕಟ್ಟಿಕೊಳ್ಳುವಷ್ಟು ಬೆಲ್ಲದ ಪಾಕ, ಮೇಲೆ ಅಕ್ಕಿ ಗಿರಣಿಯ ತೌಡು. ಒಂದು ಚೀಟಿಯಲ್ಲಿ ಬರೆದೂ ಕೊಟ್ಟ. ನಾನು ನಾಲ್ಕನೆಯ ಇಯತ್ತೆ ಓದಿದ್ದು ಆ ಚೀಟಿಗೆ ಉಪಯೋಗವಾಯಿತು.

ಹೊರಡುವಾಗ ಅವನು ಕರೆದು, "ಇದನ್ನ ತಿಂದ್ರ ನೀರಡಿಕಿ ಭಾಳ ಆಕ್ಕೈತಿ. ಬಾಜೂಕ ನೀರು ಇರಬೇಕು ನೋಡವಾ. ನೀರು ಇಲ್ಲದಲ್ಲಿ ಇಟ್ಟೀ ಅಂದ್ರ ಔಷಧ ಅಲ್ಲ, ವಿಷ ಅದು" ಅಂದ.

"ನೀರಿಗೇನ್ರೀ ಬರ, ಕಾಲುವಿ ಐತಿ" ಅಂದೆ ನಾನು. ಹಾಗೆ ಅನ್ನುವಾಗ ನನಗೆ ಹೆಮ್ಮೆಯೇ ಇತ್ತು.

ಕಾಲುವೆ ಕಟ್ಟುವಾಗ ಕಂತ್ರಾಟುದಾರರು ಬಿಟ್ಟು ಹೋದ ಇಟ್ಟಿಗೆ ಅಚ್ಚೊಂದು ಕ್ವಾರ್ಟರ್ಸಿನ ಹಿಂದೆ ಬಿದ್ದಿತ್ತು. ಉಪ್ಪು, ಎಲುಬಿನ ಪುಡಿ, ಸುಣ್ಣ, ಬೆಲ್ಲ, ತೌಡು ಕಲಸಿ ಅದರಲ್ಲಿ ಬಡಿದು ಇಟ್ಟಿಗೆ ಮಾಡಿದೆ. ಮಾಳಿಗೆಯ ಮೇಲೆ ಒಣಗಿಸಿದೆ. ಕೈಯೆಲ್ಲ ಸುಣ್ಣಕ್ಕೆ ಒಡೆದು, ರೊಟ್ಟಿ ಬಡಿಯಲು ಕೂತರೆ ಹಿಟ್ಟು ಹತ್ತಿ ಉರಿಯುತ್ತಿತ್ತು. ಮೊದಲು ಇಟ್ಟ ನಾಲ್ಕು ಇಟ್ಟಿಗೆಯ ಹತ್ತಿರಕ್ಕೂ ಚಿಗರಿ ಬರಲಿಲ್ಲ. ಅತ್ತೆಯ ಮುಂದೆ ಅತ್ತೇಬಿಟ್ಟೆ.

"ಅದರಾಗ ನಿನ್ನ ಕೈ ವಾಸನಿ ಐತಿ, ಹೆಂಗ ಬರತಾವು?" ಅಂದಳು. "ನನ್ನ ಹಳೇ ಕಂಬಳ್ಯಾಗ ಸುತ್ತಿ ಎರಡು ದಿನ ಇಡು. ಕುರಿ ವಾಸನಿಗೆ ಅವು ಅಂಜೂದಿಲ್ಲ."

ಹಾಗೇ ಮಾಡಿದೆ. ಮೂರನೆಯ ದಿನ ಹೋಗಿ ನೋಡಿದರೆ ಇಟ್ಟಿಗೆಯ ಮೂಲೆಗಳು ದುಂಡಗಾಗಿದ್ದವು, ನಾಲಿಗೆಯ ಗುರುತು ಹಸಿಯಾಗಿಯೇ ಇತ್ತು. ಓಡಿ ಬಂದು ಅತ್ತೆಗೆ ಹೇಳಿದೆ. ಆಕೆ ನೂಲುವುದನ್ನು ನಿಲ್ಲಿಸಿ, ಎಷ್ಟು ಸವೆದಿದೆ, ಯಾವ ಕಡೆಯಿಂದ ಸವೆದಿದೆ ಎಂದು ಕೇಳಿ ಕೇಳಿ ತಿಳಿದುಕೊಂಡಳು.

ಆದರೆ ಇಟ್ಟಿಗೆ ಇಡುತ್ತಿದ್ದದ್ದು ಕಾಲುವೆಯ ಏರಿಯ ಮೇಲೆ. ಅಲ್ಲಿ ನೀರು ತುಂಬಿ ಹರಿಯುತ್ತಿತ್ತು, ಬಾಗಿ ಕುಡಿಯಲು ಬರುತ್ತಿತ್ತು, ಅದಕ್ಕೇ ಅಲ್ಲಿ. ಉಪ್ಪಿಗೆ ಬಂದ ಹಿಂಡು ಏರಿಯ ಕೆಳಗಿನ ಗದ್ದೆಗೂ ಇಳಿಯಿತು. ಗದ್ದೆ ಕ್ಯಾಂಪಿನ ಒಬ್ಬ ರೈತನದು. ಎತ್ತರದ ಆಳು, ಬಿಳಿ ಬನಿಯನ್ನು, ಹೆಗಲ ಮೇಲೆ ಸದಾ ಒಂದು ಗುದ್ದಲಿ. ಅವನು ಕ್ವಾರ್ಟರ್ಸಿನ ಮುಂದೆ ಬಂದು ನಿಂತ.

"ಅಮ್ಮಾ, ನೀನು ಉಪ್ಪು ಇಟ್ಟು ಜಿಂಕಲನ್ನ ಕರೀತೀಯಾ. ಅವು ನನ್ನ ಭತ್ತ ತಿಂತಾವೆ. ಜಿಂಕಲ ಕೋಸಮಾ ನಾನು ಊರು ಬಿಟ್ಟು ಬಂದದ್ದು?" ಅಂದ. ಅವನ ಕನ್ನಡಕ್ಕೆ ಎರಡು ವರ್ಷ ಆಗಿತ್ತು ಅಷ್ಟೇ.

ನಾನು ಬಾಯಿಗೆ ಬಂದದ್ದು ಅಂದೆ. ಈ ನೆಲ ನಿನ್ನಪ್ಪನದಾ ಅಂದೆ. ಅವನು ನೆಟ್ಟಗೆ ಕಾಲುವೆಯ ಸೆಕ್ಷನ್ ಆಫೀಸಿಗೆ ಹೋಗಿ ತಕರಾರು ಕೊಟ್ಟ. ಗೇಟಿನವನ ಹೆಂಡತಿ ಚಿಗರಿ ಸಾಕಿ ರೈತರ ಬೆಳೆ ಹಾಳು ಮಾಡುತ್ತಾಳೆ ಎಂದು. ನಮ್ಮ ಮನೆಯವರನ್ನು ಕರೆಸಿ, ಇನ್ನೊಂದು ಸಲ ಇಂಥ ಮಾತು ಬಂದರೆ ಮನೆಗೆ ಹೋಗು ಅಂದರಂತೆ. ಅವರ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ.

ಅವರು ಮಾತು ಕಡಿಮೆಯ ಮನುಷ್ಯ. ಸಿಟ್ಟು ಮಾಡಲಿಲ್ಲ. ಒಲೆಯ ಮುಂದೆ ಬಂದು ಕೂತು, "ಕುರಿ ಹ್ವಾದ್ವು. ಇದೂ ಹ್ವಾದ್ರ ಏನ್ ಮಾಡೂಣು ಹೇಳು" ಅಂದರು. "ಮನಿದೇವರ ಆಣಿ ಮಾಡು. ಏರಿ ಮ್ಯಾಲ ಉಪ್ಪು ಇಡೂದಿಲ್ಲ ಅನ್ನು."

"ಏರಿ ಮ್ಯಾಲ ಉಪ್ಪು ಇಡೂದಿಲ್ರೀ" ಅಂದೆ. ಅವರು ಹೇಳಿಕೊಟ್ಟಷ್ಟೇ ಅಂದೆ. ಅನ್ನುವಾಗಲೇ ನನ್ನ ತಲೆ ಬೇರೆ ಜಾಗ ಹುಡುಕುತ್ತಿತ್ತು.

ಸ್ವಲ್ಪ ದಿನಕ್ಕೆ ಬೇಸಿಗೆಯ ಬಂದ್ ಆಯಿತು. ಪ್ರತಿ ವರ್ಷ ಭತ್ತದ ಕೊಯ್ಲಾದ ಮೇಲೆ ಕಾಲುವೆಗೆ ನೀರು ನಿಲ್ಲಿಸಿ ಹೂಳು ತೆಗೆಯುತ್ತಾರೆ. ನೀರು ಇಳಿದು ಕಾಲುವೆಯ ತಳ ಕಾಣುತ್ತದೆ. ಅಲ್ಲಲ್ಲಿ ಗುಂಡಿಗಳಲ್ಲಿ ನೀರು ನಿಲ್ಲುತ್ತದೆ. ಗದ್ದೆ ಒಣಗಿದವು, ಹಳ್ಳ ಮೊದಲೇ ಹೋಗಿತ್ತು. ಕಾಲುವೆಯ ತಳ ಬಿಟ್ಟರೆ ದಿಬ್ಬದ ಮೇಲಿನ ಚಿಗರಿಗಳಿಗೆ ಒಂದು ಹನಿ ನೀರು ಎಲ್ಲಿಯೂ ಇರಲಿಲ್ಲ. ಗಬ್ಬದ ಹೊಟ್ಟೆ ಹೊತ್ತ ಹೆಣ್ಣು ಚಿಗರಿಗಳು ಕಲ್ಲಿನ ನೆರಳಲ್ಲಿ ಬಾಯಿ ತೆರೆದು ನಿಂತಿರುತ್ತಿದ್ದವು. ನಾನು ಕೊಡದಲ್ಲಿ ನೀರು ಹೊತ್ತು ಹಾಕಿದರೆ ಕಲ್ಲು ಹೀರಿಕೊಳ್ಳುತ್ತಿತ್ತು.

ತಿರುವಿನ ಆಚೆ, ದಿಬ್ಬ ಸೀಳಿದ ಆಳದ ಜಾಗದಲ್ಲಿ ದೊಡ್ಡ ಗುಂಡಿಯೊಂದು ತುಂಬಿ ನಿಂತಿತ್ತು. ಹೂಳಿನ ಬಂಡಿಗಳು ಇಳಿಯಲೆಂದು ಅದರ ಮೇಲ್ಗಡೆ, ಗೇಟಿನ ದಿಕ್ಕಿಗೆ, ಮಣ್ಣು ಕಡಿದು ಇಳಿಜಾರು ಮಾಡಿದ್ದರು. ಹೂಳಿನ ಕೆಲಸ ಮುಗಿದು ಬಂಡಿಗಳು ಹೋಗಿದ್ದವು. ಅಲ್ಲಿ ನಾಯಿ ಇಲ್ಲ, ಗದ್ದೆ ಇಲ್ಲ, ತಕರಾರು ಮಾಡುವವರಿಲ್ಲ. ಗೇಟಿನ ಮೇಲೆ ನಿಂತರೂ ತಿರುವಿನಿಂದಾಗಿ ಕಾಣುವುದಿಲ್ಲ. ಕಂಪೌಂಡರ್ ಹೇಳಿದ ಹಾಗೆ ಬಾಜೂಕ್ಕೆ ನೀರು ಇದೆ. ಅದು ಏರಿಯೂ ಅಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತಾರಲ್ಲ, ಅಂಥ ಜಾಗ ಸಿಕ್ಕಿತೆಂದು ನನಗೆ ನಾನೇ ಶಾಬಾಶ್ ಅಂದುಕೊಂಡೆ. ಖಾಲಿ ಕೊಡದೊಳಗೆ ಇಟ್ಟಿಗೆ ಇಟ್ಟು, ಮೇಲೆ ಸಿಂಬಿ ಮುಚ್ಚಿ, ನೀರಿಗೆ ಹೋಗುವವಳ ಹಾಗೆ ಹೋದೆ. ಗುಂಡಿಯ ದಂಡೆಯಲ್ಲಿ ಎಂಟು ಇಟ್ಟಿಗೆ ಸಾಲಾಗಿ ಇಟ್ಟೆ.

ಎರಡು ದಿನಕ್ಕೆ ಹಿಂಡು ಇಳಿಯಿತು. ಆಮೇಲೆ ದಿನವೂ ಬಿಸಿಲೇರುವ ಹೊತ್ತಿಗೆ ಇಳಿದು, ಉಪ್ಪು ನೆಕ್ಕಿ, ನೀರು ಕುಡಿದು, ಕಲ್ಲುಗೋಡೆಯ ನೆರಳಲ್ಲಿ ಸಂಜೆಯ ತನಕ ಮಲಗುತ್ತಿದ್ದವು. ನಾನು ಮೇಲೆ ಜಾಲಿಯ ಮರೆಯಲ್ಲಿ ಹೊಟ್ಟೆಯ ಮೇಲೆ ಮಲಗಿ ನೋಡುತ್ತಿದ್ದೆ. ಆ ಬಂದ್ ನಡುವೆ ಮೂರು ಮರಿ ಹುಟ್ಟಿದವು. ಮೂರಕ್ಕೂ ಕಾಲು ನೆಟ್ಟಗಿದ್ದವು. ನಾಲ್ಕನೆಯ ದಿನಕ್ಕೆ ತಾಯಿಯ ಹಿಂದೆ ಇಳಿಜಾರು ಇಳಿದು ಬಂದವು. ಅವುಗಳ ಕಾಲು ನೋಡಿ ನಾನು ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ನನ್ನ ಜನ್ಮದಲ್ಲಿ ನಾನು ಒಂದು ಕೆಲಸ ಸರಿಯಾಗಿ ಮಾಡಿದ್ದೇನೆ ಅನ್ನಿಸಿದ್ದು ಆ ಕೆಲವು ದಿನ ಮಾತ್ರ. ಗಂಡನಿಗೆ ಹೇಳಲಿಲ್ಲ. ಅತ್ತೆಗೆ ಮರಿಗಳ ಸುದ್ದಿ ಹೇಳಿದೆ, ಉಪ್ಪು ಎಲ್ಲಿಟ್ಟಿದ್ದೇನೆ ಎಂಬುದನ್ನು ಹೇಳಲಿಲ್ಲ.

ಬರುವ ಸೋಮವಾರ ನೀರು ಬಿಡುತ್ತಾರೆ ಎಂದು ನಮ್ಮ ಮನೆಯವರು ಹೇಳಿದರು. ನಾನು ಲೆಕ್ಕ ಹಾಕಿದೆ. ಶುಕ್ರವಾರ ತಳದ ಇಟ್ಟಿಗೆ ತೆಗೆದು ದಿಬ್ಬದ ಮೇಲೆ ಹೊಸವು ಇಡಬೇಕು, ಭಾನುವಾರದೊಳಗೆ ಹಿಂಡು ಮೇಲೇರುತ್ತದೆ, ಸೋಮವಾರ ಕಾಲುವೆ ತುಂಬಿದರೆ ಬಾಗಿ ಕುಡಿಯಲೂ ಆಗುತ್ತದೆ. ಹೊಸ ಇಟ್ಟಿಗೆಗೆ ಎಲುಬಿನ ಪುಡಿ ಮುಗಿದಿತ್ತು. ಗುರುವಾರ ಮುಂಜಾನೆಯೇ ಎದ್ದು ಸಿಂಧನೂರಿಗೆ ಹೋದೆ.

ತಿರುಗಿ ಬರುವ ಬಸ್ಸು ಕಾಲುವೆಯ ಸೇತುವೆಯ ಹತ್ತಿರ ನಿಂತುಬಿಟ್ಟಿತು. ಜನ ಇಳಿದು ಓಡುತ್ತಿದ್ದರು. ನೀರು ಬಂದೈತಿ ಅಂತ ಒಬ್ಬ ಹೇಳಿದ. ಸೇತುವೆಯ ಮೇಲೆ ಹೆಂಗಸರು ಅರಿಸಿಣ ಕುಂಕುಮ ಎಸೆಯುತ್ತಿದ್ದರು, ಯಾರೋ ತೆಂಗಿನಕಾಯಿ ಒಡೆದರು, ಡ್ರೈವರ್ ಕೂಡ ಒಂದು ನಾಣ್ಯ ನೀರಿಗೆ ಹಾಕಿ ಕೈ ಮುಗಿದ. ಕೆಳಗೆ ಕೆಂಪು ನೀರು, ಮೇಲೆ ಕಸಕಡ್ಡಿ, ನೊರೆ. ಸಸಿ ಮಡಿಗೆ ತಡವಾಗುತ್ತದೆಂದು ಕೆಳಗಿನ ರೈತರು ಗಲಾಟೆ ಮಾಡಿದ್ದರಿಂದ ನಾಲ್ಕು ದಿನ ಮೊದಲೇ ಬಿಟ್ಟರು ಎಂದು ಆಮೇಲೆ ತಿಳಿಯಿತು. ನಮ್ಮ ಗೇಟು ಆ ಸೇತುವೆಗಿಂತ ಮೇಲೆ. ದಿಬ್ಬವೂ ಮೇಲೆ. ನೀರು ಇಲ್ಲಿಗೆ ಬಂದಿದೆ ಅಂದರೆ ಅಲ್ಲಿ ಆಗುವುದೆಲ್ಲ ಆಗಿದೆ. ಇದು ನನಗೆ ಗೊತ್ತಿತ್ತು, ಆದರೂ ಏರಿ ಹಿಡಿದು ಓಡಿದೆ. ಎಲುಬಿನ ಪುಡಿಯ ಗಂಟು ಬಗಲಲ್ಲೇ ಇತ್ತು, ಅದನ್ನು ಎಸೆಯಬೇಕೆಂದು ಕೂಡ ಹೊಳೆಯಲಿಲ್ಲ. ಬಿಡಬ್ಯಾಡ್ರೀ, ಗೇಟು ಇಳಸ್ರೀ ಎಂದು ಓಡುತ್ತಾ ಕೂಗುತ್ತಿದ್ದೆ. ಗೇಟು ಅಲ್ಲಿಂದ ಒಂದೂವರೆ ಮೈಲಿ.

ದಿಬ್ಬದ ಸೀಳಿನ ಬಾಯಿಗೆ ಬಂದಾಗ ಮೊದಲು ಕಂಡದ್ದು ತೇಲುವ ಒಂದು ಮರಿ. ನೀರು ಮೇಲಿನಿಂದ, ಇಳಿಜಾರಿನ ಕಡೆಯಿಂದಲೇ ನುಗ್ಗಿ ಬಂದಿತ್ತು. ಚಿಗರಿಗಳು ಅದಕ್ಕೆ ಹೆದರಿ ಎದುರು ದಿಕ್ಕಿಗೆ, ಎರಡು ಗೋಡೆಗಳ ನಡುವೆ ಓಡಿದ್ದವು. ನಾನು ಹೋದಾಗ ಐದಾರು ಇನ್ನೂ ಈಜುತ್ತಿದ್ದವು. ಗೋಡೆಗೆ ಮುಂಗಾಲು ಹಚ್ಚುವವು, ಗೊರಸು ಜಾರುವುದು, ಮುಳುಗುವವು, ಮತ್ತೆ ತಲೆ ಎತ್ತುವವು. ಅವು ಕೂಗುವುದಿಲ್ಲ. ಬರೇ ಮೂಗಿನಿಂದ ಉಸಿರು ಬಿಡುವ ಸಪ್ಪಳ. ನಾನು ಅಂಚಿನಲ್ಲಿ ಮಲಗಿ ಸೀರೆಯ ಸೆರಗು ಇಳಿಬಿಟ್ಟೆ. ಚಿಗರಿಗೆ ಸೆರಗು ಹಿಡಿಯಲು ಕೈ ಇದೆಯೇ? ಅದು ಗೊತ್ತಿಲ್ಲದವಳ ಹಾಗೆ ಹಿಡಿರೇ, ಹಿಡಿರೇ ಎಂದು ಅಳುತ್ತಿದ್ದೆ.

ಯಾರೋ ನನ್ನ ಕಾಲು ಹಿಡಿದು ಹಿಂದಕ್ಕೆ ಎಳೆದರು. ಕ್ಯಾಂಪಿನ ಆ ರೈತ. ನನ್ನ ಕೂಗು ಕೇಳಿ ಗದ್ದೆಯಿಂದ ಬಂದಿದ್ದ. "ಅಮ್ಮಾ, ನೀನು ಬೀಳ್ತೀಯಾ, ಪಕ್ಕಕ್ಕೆ ಬಾ" ಅಂದು, ಎತ್ತಿನ ಹಗ್ಗವನ್ನು ಒಂದು ಕಲ್ಲಿಗೆ ಕಟ್ಟಿ, ಇನ್ನೊಂದು ತುದಿ ಸೊಂಟಕ್ಕೆ ಸುತ್ತಿಕೊಂಡು ನೀರಿಗೆ ಇಳಿದ. ನೀರು ಅವನನ್ನು ಎರಡು ಸಲ ಗೋಡೆಗೆ ಬಡಿಯಿತು. ಒಂದು ಹೆಣ್ಣು ಚಿಗರಿಯ ಕುತ್ತಿಗೆ ತಬ್ಬಿ ಹಿಡಿದ. ನಾನು ಮೇಲಿನಿಂದ ಹಗ್ಗ ಎಳೆದೆ. ಹೇಗೆ ಎಳೆದೆನೋ ದೇವರಿಗೇ ಗೊತ್ತು, ಇಬ್ಬರೂ ಮೇಲೆ ಬಂದರು. ಚಿಗರಿ ಏರಿಯ ಮೇಲೆ ನಿಂತಿತು. ಮೈಯೆಲ್ಲ ನಡುಗುತ್ತಿತ್ತು. ಅದರ ಕೆಚ್ಚಲಿನಿಂದ ಹಾಲು ಜಿನುಗುತ್ತಿತ್ತು. ನಾಲ್ಕು ಹೆಜ್ಜೆ ಇಟ್ಟು ಬಿದ್ದು ಸತ್ತಿತು. ಅಷ್ಟರಲ್ಲಿ ಕಾಲುವೆಯಲ್ಲಿ ಈಜುವ ತಲೆ ಒಂದೂ ಇರಲಿಲ್ಲ. ಆ ರೈತ ನೆಲದ ಮೇಲೆ ಕೂತು ತನ್ನ ಒಡೆದ ಮೊಣಕೈ ನೋಡಿಕೊಂಡ. ನಾನು ಅವನಿಗೆ ಒಂದು ಒಳ್ಳೆಯ ಮಾತು ಕೂಡ ಹೇಳಲಿಲ್ಲ.

ಗೇಟಿನ ಕಡೆಯಿಂದ ನಮ್ಮ ಮನೆಯವರು ಓಡಿ ಬಂದರು. ಕೊರಳಲ್ಲಿ ಸೀಟಿ ಇತ್ತು, ಕೈಯಲ್ಲಿ ಗೇಟಿನ ಕೀಲಿ ಇತ್ತು. ಗೇಟು ಎತ್ತುವ ಮೊದಲು ತಳಕ್ಕೆ ಇಳಿದು, ಸೀಟಿ ಊದುತ್ತ ತಿರುವಿನ ತನಕ ನಡೆದು, ಜನ ದನ ಇಲ್ಲವೆಂದು ನೋಡಿ ಬರಬೇಕು. ಅದು ಕೆಲಸದ ನೇಮ. ಅವರು ನಡೆದಿದ್ದರು. ತಿರುವಿನ ತನಕ ನಡೆದು ತಿರುಗಿ ಬಂದಿದ್ದರು. ಅದರಾಚೆ ಯಾರೂ ಹೋಗುವ ಜಾಗವಲ್ಲ. ಅವರಿಗೆ ಕಾಣಬಾರದೆಂದೇ ನಾನು ಆ ಜಾಗ ಆರಿಸಿದ್ದು.

ಅವರು ನೀರು ನೋಡಿದರು. ಏರಿಯ ಮೇಲೆ ಸತ್ತ ಚಿಗರಿಯನ್ನು ನೋಡಿದರು. "ಇಲ್ಲಿಗೆ ಯಾಕ ಬಂದ್ವು ಇವು?" ಅಂದರು.

ಇಟ್ಟಿಗೆಗಳು ಎರಡಾಳು ನೀರಿನ ಕೆಳಗಿದ್ದವು. ಉಪ್ಪು ಕರಗಿತ್ತು, ತೌಡು ತೇಲಿ ಹೋಗಿತ್ತು.

"ನಾ ತಿರುವಿನಾಗಿಂದ ಹೊಳ್ಳಿ ಬಂದೆ. ಇನ್ನ ಹತ್ತು ಹೆಜ್ಜಿ ಹೋಗಿದ್ರ ಕಾಣತಿದ್ವು. ಹತ್ತ ಹೆಜ್ಜಿ" ಅಂದು ಅಲ್ಲೇ ಕೂತರು. ಅವರು ಅತ್ತದ್ದನ್ನು ನಾನು ಮೊದಲು ನೋಡಿದ್ದು ಅವತ್ತು. ಕುರಿ ಮಾರಿದ ದಿನವೂ ಅತ್ತಿರಲಿಲ್ಲ.

ಕರಿಯ ಬಣ್ಣದ ಗಂಡು ಚಿಗರಿಯೊಂದು ಆ ದಿನ ತಳಕ್ಕೆ ಇಳಿದಿರಲಿಲ್ಲ. ಒಂದು ವಾರ ದಿಬ್ಬದ ಮೇಲೆ ನಿಂತಿರುತ್ತಿತ್ತು. ಆಮೇಲೆ ಕಾಣಲಿಲ್ಲ.

ಮನೆಗೆ ಬಂದ ಮೇಲೆ ಅತ್ತೆ ಮಗನನ್ನು ಏನೂ ಕೇಳಲಿಲ್ಲ. ಅವರು ಹೊರಗೆ ಹೋದದ್ದನ್ನು ಸಪ್ಪಳದಿಂದ ತಿಳಿದುಕೊಂಡು ನನ್ನನ್ನು ಹತ್ತಿರ ಕರೆದಳು.

"ಉಪ್ಪು ಎಲ್ಲಿ ಇಟ್ಟಿದ್ದಿ?"

ಹೇಳಿದೆ. ಎಲ್ಲ ಹೇಳಿದೆ. "ಅವಗ ಹೇಳು" ಅಂದಳು. ಎರಡು ದಿನ ಕಾದಳು. ಮೂರನೆಯ ದಿನದಿಂದ ಆ ಮಾತು ಎತ್ತಲಿಲ್ಲ. ನಾನು ಕಾರಣಗಳನ್ನು ಕಟ್ಟಿಕೊಂಡೆ. ಆಣೆ ಮುರಿದದ್ದು ಗೊತ್ತಾದರೆ ಏನು ಗತಿ, ಆಫೀಸಿಗೆ ಸುದ್ದಿ ಹೋದರೆ ನೌಕರಿ ಏನಾದೀತು, ಸ್ವಲ್ಪ ದಿನ ಹೋಗಲಿ. ಅವೆಲ್ಲ ಕಾರಣಗಳಲ್ಲ. ಹೇಳಿದರೆ ಅವರು ನನ್ನನ್ನು ಹೇಗೆ ನೋಡುತ್ತಾರೋ ಆ ನೋಟಕ್ಕೆ ಹೆದರಿದೆ, ಅಷ್ಟೇ. ಉಪ್ಪು ತಿಂದವರು ನೀರು ಕುಡಿಯಲೇಬೇಕು ಅಂತ ಒಂದು ಗಾದೆ ಇದೆ. ಅದನ್ನು ನನ್ನ ಮುಂದೆ ಯಾರಾದರೂ ಆಡಿದರೆ ಇವತ್ತಿಗೂ ಎದ್ದು ಹೋಗುತ್ತೇನೆ.

ಅವರು ಗೇಟಿನ ಕೀಲಿಯನ್ನು ಆಫೀಸಿಗೆ ಒಪ್ಪಿಸಿ, ನನಗೆ ಈ ಕೆಲಸ ಬೇಡ, ಕೂಲಿಯವರ ಗ್ಯಾಂಗಿನಲ್ಲಿ ಹಾಕಿರಿ ಅಂದರು. ಯಾಕೆಂದು ಕೇಳಿದವರಿಗೆ ಹೇಳಲಿಲ್ಲ. ಕ್ವಾರ್ಟರ್ಸ್ ಬಿಟ್ಟು ಊರ ಹೊರಗೆ ಗುಡಿಸಲು ಹಾಕಿಕೊಂಡೆವು. ಅಂದಿನಿಂದ ಬಂದ್ ಬಂದಾಗಲೆಲ್ಲ ಹೂಳು ಹೊತ್ತರು, ಏರಿಗೆ ಕಲ್ಲು ಹೊತ್ತರು. ಕೆಲವು ವರ್ಷಗಳಲ್ಲಿ ಸೊಂಟ ಬಿತ್ತು, ಆಮೇಲೆ ಎದೆಯೊಳಗೆ ದಮ್ಮು ಹಿಡಿಯಿತು. ದಿನ ಸಂಜೆ ಅವರ ಬೆನ್ನಿಗೆ ಬಿಸಿ ಎಣ್ಣೆ ತಿಕ್ಕುತ್ತಿದ್ದೆ. ಹೆಗಲ ಮೇಲೆ ಕಲ್ಲಿನ ಗಾಯ ಕಂಡಾಗಲೆಲ್ಲ ಇವತ್ತು ಹೇಳುತ್ತೇನೆ ಅಂದುಕೊಳ್ಳುತ್ತಿದ್ದೆ. ಎಣ್ಣೆ ತಿಕ್ಕಿ ಮುಗಿಯುತ್ತಿತ್ತು, ಕೈ ತೊಳೆದುಕೊಂಡು ರೊಟ್ಟಿಗೆ ಕೂಡುತ್ತಿದ್ದೆ. ಅತ್ತೆ ತೀರಿಕೊಂಡ ಮೇಲೆ ಈ ಸಂಗತಿ ಗೊತ್ತಿರುವವರು ನನ್ನ ಬಿಟ್ಟರೆ ಭೂಮಿಯ ಮೇಲೆ ಯಾರೂ ಉಳಿಯಲಿಲ್ಲ.

ಕೊನೆಯ ವರ್ಷ ಅವರು ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಒಂದು ಮಧ್ಯಾಹ್ನ ಗಂಜಿ ಕುಡಿಸಿ ಬಾಯಿ ಒರೆಸುತ್ತಿದ್ದೆ.

"ನೀ ಅಷ್ಟು ಕಷ್ಟಪಟ್ಟು ಉಪ್ಪು ತಿನಿಸಿ ಬದುಕಿಸಿದ್ದಿ" ಅಂದರು. "ನಾ ಒಂದ ಮುಂಜಾನಿ ಎಲ್ಲಾ ಮುಗಿಸಿಬಿಟ್ಟೆ. ನಿನಗ ನನ್ನ ಮ್ಯಾಲ ಸಿಟ್ಟು ಬರಲಿಲ್ಲೇನು?"

ಈಗಲಾದರೂ ಹೇಳಬೇಕೆಂದು ಬಾಯಿ ತೆರೆದೆ.

"ಇಲ್ರೀ" ಅಂದೆ.

"ಇಷ್ಟು ವರ್ಷದಾಗ ಒಂದ ಮಾತು ಅನ್ನಲಿಲ್ಲ ನೀ. ನಿನ್ನ ಬಾಯಿ ನನಗ ಗೊತ್ತಿಲ್ಲೇನು? ಆದರೂ ಅನ್ನಲಿಲ್ಲ. ದೊಡ್ಡ ಮನಸ್ಸು ನಿಂದು" ಅಂದರು. ನನ್ನ ಕೈ ಹಿಡಿದು ತಮ್ಮ ಎದೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿದರು. ಅವರಿಗೆ ನಿದ್ದೆ ಹತ್ತುವ ತನಕ ನಾನು ಕೈ ಬಿಡಿಸಿಕೊಳ್ಳಲಿಲ್ಲ.